ಚಕ್ರ ಊರೊಳಗೆ ಹೋಯಿತು

ಯುದ್ಧ ಎಂದಾದರೂ ಕೊನೆಯಾದೀತೇ ಎಂಬ ಮಾತು ಬಂದಾಗ ಕನ್ನಡಿಗರು ಬಾಹುಬಲಿಯನ್ನು ಮುಂದೆ ಮಾಡುತ್ತೇವೆ. ನಾನೂ ಮಾಡುತ್ತಿದ್ದೆ. ಪಂಪನ ‘ಆದಿಪುರಾಣ’ದ (941) ಆ ಭಾಗವನ್ನು ಈಚೆಗೆ ಮತ್ತೆ ಓದಿದ ಮೇಲೆ ಅಷ್ಟು ಧೈರ್ಯ ಉಳಿದಿಲ್ಲ.

ಕಥೆ ಗೊತ್ತಿರುವುದೇ. ದಿಗ್ವಿಜಯ ಮುಗಿಸಿ ಬಂದ ಭರತನ ಚಕ್ರರತ್ನ ಅಯೋಧ್ಯೆಯ ಬಾಗಿಲಲ್ಲೇ ನಿಂತುಬಿಡುತ್ತದೆ, ತಮ್ಮಂದಿರು ಇನ್ನೂ ತಲೆಬಾಗಿಲ್ಲವೆಂದು. ಉಳಿದವರು ರಾಜ್ಯ ಬಿಟ್ಟು ದೀಕ್ಷೆ ಹಿಡಿಯುತ್ತಾರೆ. ಬಾಹುಬಲಿ ಎದುರು ನಿಲ್ಲುತ್ತಾನೆ. ಆಗ ಮಂತ್ರಿಗಳು ನಡುವೆ ಬರುತ್ತಾರೆ: ಸೈನ್ಯ ಸಾಯುವುದೇಕೆ, ನೀವಿಬ್ಬರೇ ಬಲ ನೋಡಿಕೊಳ್ಳಿ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಅಣ್ಣನಿಗೆ ಸೋಲು.

ನಾವೆಲ್ಲ ಮುಂದಿನ ವೈರಾಗ್ಯಕ್ಕೆ ಕಣ್ಣೀರಾಗುವ ಅವಸರದಲ್ಲಿ ಈ ಮಂತ್ರಿಗಳನ್ನು ದಾಟಿಬಿಡುತ್ತೇವೆ. ಎರಡು ಸೈನ್ಯಗಳ ಜೀವ ಉಳಿಸಿದವರು ಅವರು, ಅದೂ ಬಾಹುಬಲಿಗೆ ವೈರಾಗ್ಯ ಬರುವ ಮೊದಲೇ. ಆದರೆ ಅವರು ಮಾಡಿದ ಕಟ್ಟಳೆಯನ್ನು ಕಾಯುವವರು ಯಾರೂ ಇರಲಿಲ್ಲ. ಸೋತ ಭರತ ಅದನ್ನು ಮುರಿದು ತಮ್ಮನ ಮೇಲೆ ಚಕ್ರವನ್ನೇ ಬಿಟ್ಟ. ಚಕ್ರ ಕೊಲ್ಲದೆ ಉಳಿದದ್ದು ಒಪ್ಪಂದದ ಬಲದಿಂದಲ್ಲ, ಪವಾಡದಿಂದ. ನಮ್ಮ ಕಾಲದ ಕದನವಿರಾಮಗಳಿಗೆ ಆ ಪವಾಡವೂ ಇಲ್ಲ.

ಗೆದ್ದವನು ಹೇಸಿ ರಾಜ್ಯವನ್ನು ಅಣ್ಣನಿಗೇ ಬಿಟ್ಟು ತಪಸ್ಸಿಗೆ ಹೋದ. ಯುದ್ಧವೇನೋ ನಿಂತಿತು. ಆದರೆ ಭರತ ಕೇಳಿದ್ದೂ ಅದನ್ನೇ ಅಲ್ಲವೇ? ಅಡ್ಡಿ ತೊಲಗಿತು, ದಿಗ್ವಿಜಯ ಪೂರ್ತಿಯಾಯಿತು, ಚಕ್ರ ಊರೊಳಗೆ ಹೋಯಿತು.

ಪಂಪನಿಗೆ ಇದು ತಿಳಿಯದೆ ಇರಲಿಲ್ಲ ಎಂದೇ ನನ್ನ ಎಣಿಕೆ. ನಾನಿರುವ ಹೈದರಾಬಾದಿನಿಂದ ಸುಮಾರು 150 ಕಿ.ಮೀ. ದೂರದ ವೇಮುಲವಾಡದಲ್ಲಿ ಅರಿಕೇಸರಿಯ ಆಸ್ಥಾನದಲ್ಲಿದ್ದವನು ಅವನು. ಕವಿಯಷ್ಟೇ ಅಲ್ಲ, ಕಲಿ ಕೂಡ. ಅದೇ ಒಡೆಯನನ್ನು ಅರ್ಜುನನಿಗೆ ಹೋಲಿಸಿ ‘ವಿಕ್ರಮಾರ್ಜುನ ವಿಜಯ’ ಬರೆದ. ಶ್ರವಣಬೆಳಗೊಳದ 57 ಅಡಿಯ ಗೊಮ್ಮಟನನ್ನು ಸುಮಾರು 981ರಲ್ಲಿ ನಿಲ್ಲಿಸಿದ ಚಾವುಂಡರಾಯನೂ ಗಂಗರ ಸೇನಾಪತಿ, ‘ಸಮರಪರಶುರಾಮ’ ಎಂಬ ಬಿರುದಿನವನು. ಇದನ್ನು ಆಷಾಢಭೂತಿತನ ಎನ್ನಲು ನನಗೆ ಮನಸ್ಸಿಲ್ಲ. ಕತ್ತಿ ಹಿಡಿದವರಿಗೇ ಕತ್ತಿ ಬಿಟ್ಟವನು ಅಷ್ಟು ಎತ್ತರವಾಗಿ ಕಂಡಿರಬೇಕು. ಹಾಗೆಂದು ಅವರು ಕತ್ತಿ ಕೆಳಗಿಡಲಿಲ್ಲ.

ವರ್ಷವಿಡೀ ನಿಂತರೂ ಬಾಹುಬಲಿಗೆ ಕೇವಲಜ್ಞಾನ ಬರಲಿಲ್ಲ, ನಿಂತ ನೆಲ ಅಣ್ಣನದು ಎಂಬ ಮುಳ್ಳು ಮನಸ್ಸಿನಲ್ಲಿತ್ತು ಎಂದು ನಮ್ಮಲ್ಲಿ ಹೇಳುತ್ತಾರೆ. ಚಿಕ್ಕಂದಿನಲ್ಲಿ ಕೇಳಿದಾಗ ಅದು ಬಾಹುಬಲಿಯ ಅಹಂಕಾರದ ಕಥೆ ಎಂದುಕೊಂಡಿದ್ದೆ. ಈಗ ನೋಡಿದರೆ ಅವನ ಲೆಕ್ಕ ಸರಿಯಾಗಿಯೇ ಇತ್ತು. ಆ ನೆಲ ಭರತನದೇ.