ಆ್ಯಪ್‌ನ ಬೇರು ಕಾಣಿಸುವ ಕಡತ

ರೋಗಿಯ ಬಿ.ಪಿ. ನೋಡಿದ ನರ್ಸ್, ಆ ಸಂಖ್ಯೆಯನ್ನು ಫೋನಿನಲ್ಲಿ ದಾಖಲಿಸುತ್ತಾರೆ. ನೆಟ್‌ವರ್ಕ್ ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ. ಬೆಂಗಳೂರಿನ ಆಬ್ವಿಯಸ್ ಮತ್ತು ನಿಲೆನ್ಸೊ ತಂಡಗಳು ದುಡಿದು ಕಟ್ಟಿದ ‘ಸಿಂಪಲ್’ ಆ್ಯಪ್‌ನ ಹೆಚ್ಚುಗಾರಿಕೆ ಇದು. ಅದರ ಕೋಡ್ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಮುಕ್ತ. ಅಲ್ಲಿ ಪರದೆಗಳ ಅಂದಕ್ಕಿಂತ ಮೊದಲು ನೋಡಬೇಕಾದದ್ದು ಆ್ಯಪ್ ಕಟ್ಟುವ ಸಾಧನವಾದ ಗ್ರೇಡಲ್‌ನ ಕಡತಗಳನ್ನು.

ಇಂಥ ಆ್ಯಪ್ ಪೂರ್ತಿ ಸ್ವಂತ ಬರವಣಿಗೆಯಲ್ಲ. ಮಾಹಿತಿ ಉಳಿಸಲು ರೂಮ್, ಭಾಗಗಳನ್ನು ಜೋಡಿಸಲು ಡ್ಯಾಗರ್, ಪರದೆಯ ನಡೆಯನ್ನು ಹದದಲ್ಲಿಡಲು ಸ್ಪಾಟಿಫೈನವರ ಮೊಬಿಯಸ್: ಎಲ್ಲವೂ ಬೇರೆಯವರು ಬರೆದ ಲೈಬ್ರರಿಗಳು. ಅವುಗಳಿಗೂ ತಮ್ಮದೇ ಅವಲಂಬನೆಗಳುಂಟು. ಎರಡು ಲೈಬ್ರರಿಗಳು ಮೂರನೆಯದೊಂದರ ಬೇರೆ ಬೇರೆ ಆವೃತ್ತಿ ಕೇಳಿದರೆ ಗ್ರೇಡಲ್ ಸಾಮಾನ್ಯವಾಗಿ ಹೊಸದನ್ನೇ ಆರಿಸುತ್ತದೆ. ಹಳೆಯದನ್ನು ನೆಚ್ಚಿದ್ದ ಕೋಡ್ ಬಿಲ್ಡ್ ಆಗುವಾಗ ಸುಮ್ಮನಿದ್ದು, ಬಳಸುವವರ ಕೈಯಲ್ಲಿ ಕುಸಿಯಬಹುದು. ಆಸ್ಪತ್ರೆಯ ಸರದಿಯಲ್ಲಿ ಅದು ಸಣ್ಣ ತೊಂದರೆಯಲ್ಲ.

ಆವೃತ್ತಿಯಷ್ಟೇ ಅಲ್ಲ, ಲೈಬ್ರರಿ ಸಿಗುವ ಜಾಗವೂ ಮುಖ್ಯ. 2021ರ ಫೆಬ್ರುವರಿಯಲ್ಲಿ ಜೆಫ್ರಾಗ್ ಸಂಸ್ಥೆ ತನ್ನ ಜೆಸೆಂಟರ್ ಎಂಬ ಲೈಬ್ರರಿ ಭಂಡಾರವನ್ನು ಮುಚ್ಚುವುದಾಗಿ ಪ್ರಕಟಿಸಿದಾಗ ಆಂಡ್ರಾಯ್ಡ್ ತಂಡಗಳು ತಮ್ಮ ಲೈಬ್ರರಿಗಳು ಎಲ್ಲಿಂದ ಬರುತ್ತಿವೆ ಎಂದು ಹುಡುಕಬೇಕಾಯಿತು.

ಆವೃತ್ತಿಗಳನ್ನು ಒಂದೆಡೆ ಇಡಲು 2022ರಲ್ಲಿ ಗ್ರೇಡಲ್ 7.4ರೊಂದಿಗೆ ‘ವರ್ಷನ್ ಕ್ಯಾಟಲಾಗ್’ ನೆಲೆಗೊಂಡಿತು. ಲೈಬ್ರರಿಗಳ ಹೆಸರು, ಆವೃತ್ತಿಗಳೆಲ್ಲ ಒಂದೇ ಟಾಮಲ್ ಕಡತದಲ್ಲಿ. ಆ್ಯಪ್‌ನಲ್ಲಿ ಮಾಡ್ಯೂಲ್‌ಗಳು ಎಷ್ಟಿದ್ದರೂ ತಿದ್ದುವುದು ಒಂದು ಸಾಲು. ಬಳಸುವವರ ಕಣ್ಣಿಗೆ ಬೀಳದ ಈ ಶಿಸ್ತು ನಿಜಕ್ಕೂ ಕುಸುರಿ ಕೆಲಸ.

ಹುಣಸೂರಿನಲ್ಲೋ ಎಚ್.ಡಿ. ಕೋಟೆಯಲ್ಲೋ ಕೂತ ಕಂಪ್ಯೂಟರ್ ವಿದ್ಯಾರ್ಥಿಯೂ ಸಿಂಪಲ್‌ನ ಕೋಡನ್ನು ಕಾಸಿಲ್ಲದೆ ಇಳಿಸಿಕೊಳ್ಳಬಹುದು. ಗ್ರೇಡಲ್‌ಗೆ ‘ಡಿಪೆಂಡೆನ್ಸೀಸ್’ ಆಜ್ಞೆ ಕೊಟ್ಟರೆ ಅವಲಂಬನೆಗಳ ಇಡೀ ಮರ ತೆರೆಯ ಮೇಲೆ ಬಿಚ್ಚಿಕೊಳ್ಳುತ್ತದೆ. ಕೇಳಿದ ಆವೃತ್ತಿ ಯಾವುದು, ಕೊನೆಗೆ ಸಿಕ್ಕಿದ್ದು ಯಾವುದು ಎಂಬುದನ್ನು ನಡುವಿನ ಬಾಣದ ಗುರುತು ತೋರಿಸುತ್ತದೆ.