‘ಆಗಿದೆ’ ಬೇಡದ ಮಾತು

ಹೊಳಲ್ಕೆರೆ ಕಡೆಯ ಓದುಗರೊಬ್ಬರ ಪತ್ರ ಬಂದಿದೆ. ಬೆಂಗಳೂರಿನಲ್ಲಿ ದೇವಶಾಸ್ತ್ರ ಓದುತ್ತಿರುವ ಅವರು ಈ ವರ್ಷ ಹೀಬ್ರೂ ಕಲಿಯಬೇಕು. ಕೈಯಲ್ಲಿರುವುದು ಇಂಗ್ಲಿಷಿನ ಪಠ್ಯ, ಮೊದಲ ಪಾಠಕ್ಕೇ ತೊಡಕು. ‘ಅನಿ ತಲ್ಮಿದ್’ ಅಂದರೆ ‘ನಾನು ವಿದ್ಯಾರ್ಥಿ’. “ಇದರಲ್ಲಿ ‘ಆಮ್’ ಎಲ್ಲಿ ಹೋಯಿತು ಸಾರ್?” ಎಂದು ಕೇಳಿದ್ದಾರೆ.

ಅದು ಅಲ್ಲಿ ಇರಲೇ ಇಲ್ಲ. ‘ಅನಿ’ ಎಂದರೆ ನಾನು, ‘ತಲ್ಮಿದ್’ ಎಂದರೆ ವಿದ್ಯಾರ್ಥಿ. ಎರಡು ಪದ, ಒಂದು ಪೂರ್ಣ ವಾಕ್ಯ. ಕನ್ನಡದಲ್ಲೂ ಹಾಗೆಯೇ ಅಲ್ಲವೇ? ಮನೆಯಲ್ಲಿ ಹುಟ್ಟಿದಾರಭ್ಯ ಹೀಗೇ ಮಾತಾಡಿದ ಹುಡುಗ ಇಂಗ್ಲಿಷಿನ ಬಾಗಿಲಿಂದ ಒಳಗೆ ಹೋದದ್ದಕ್ಕೆ, ಇಲ್ಲದ ಪದವನ್ನು ಹುಡುಕುತ್ತಾ ಕುಳಿತಿದ್ದಾನೆ.

ಈ ಅಂಕಣದ ಹಳೆಯ ಜಗಳ ಇದೇ. ‘ಇದು ಒಂದು ಉತ್ತಮ ಪುಸ್ತಕವಾಗಿದೆ’, ‘ಚಿತ್ರದುರ್ಗವು ಒಂದು ಐತಿಹಾಸಿಕ ನಗರವಾಗಿದೆ’ ಎಂದು ಬರೆಯುವ ಪಂಥವೊಂದು ನಮ್ಮಲ್ಲಿ ಬೆಳೆದುಬಿಟ್ಟಿದೆ. ಆ ‘ಒಂದು’ ಬೇಡ, ಆ ‘ಆಗಿದೆ’ಯೂ ಬೇಡ. ‘ಇದು ಒಳ್ಳೆಯ ಪುಸ್ತಕ’ ಎಂದರೆ ಮುಗಿಯಿತು. ‘ಅವರು ಈಗ ತಹಶೀಲ್ದಾರರಾಗಿದ್ದಾರೆ’ ಎನ್ನುವಲ್ಲಿ ಆ ಪದಕ್ಕೆ ಕೆಲಸವಿದೆ, ಇದ್ದ ಸ್ಥಿತಿ ಬದಲಾದದ್ದನ್ನು ಅದು ಹೇಳುತ್ತದೆ. ಕೆಲಸವಿಲ್ಲದ ಕಡೆ ಅದನ್ನು ನಿಲ್ಲಿಸುವುದು ಇಂಗ್ಲಿಷಿನ ಅಚ್ಚು. ಸಂಸ್ಕೃತದ ಅಚ್ಚನ್ನು ಬಿಟ್ಟು ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಡಿ.ಎನ್. ಶಂಕರ ಭಟ್ಟರು ವಾದಿಸಿದರು. ಈ ಇಂಗ್ಲಿಷ್ ಅಚ್ಚಿನ ವಿಷಯದಲ್ಲೂ ನಮಗೆ ಅಷ್ಟೇ ಎಚ್ಚರ ಬೇಕು.

ಹೀಬ್ರೂ ಕಲಿಯುವವರು ಕನ್ನಡದಿಂದಲೇ ನೇರ ಹೊರಡಲಿ. ನಮ್ಮ ಬಯಲುಸೀಮೆಯಲ್ಲಿ ಎರಡು ಮಾತು ಎಲ್ಲರಿಗೂ ಗೊತ್ತು: ನೀರಿದೆ, ನೀರಿಲ್ಲ. ಹೀಬ್ರೂವಿನಲ್ಲಿ ‘ಯೇಶ್ ಮಯಿಮ್’, ‘ಏನ್ ಮಯಿಮ್’. ‘ಇಲ್ಲ’ ಎನ್ನಲು ನಮಗಿರುವಂತೆ ಅವರಿಗೂ ಪ್ರತ್ಯೇಕ ಪದವೇ ಇದೆ. ಆ ‘ಏನ್’ ಅನ್ನು ನಮ್ಮ ಪ್ರಶ್ನೆಯ ‘ಏನ್’ ಎಂದುಕೊಳ್ಳಬಾರದು, ಅಷ್ಟೇ. ಇನ್ನು ‘ಹ್ಯಾವ್’ ಎಂಬ ಕ್ರಿಯಾಪದ ಅವರಿಗೂ ಇಲ್ಲ, ನಮಗೂ ಇಲ್ಲ. ‘ಯೇಶ್ ಲಿ ಬೆನ್’ ಎಂದರೆ ಪದಕ್ಕೆ ಪದ ‘ಇದ್ದಾನೆ ನನಗೆ ಮಗ’. ‘ಕರ್ ಲಿ’ ಎಂದರೆ ‘ನನಗೆ ಚಳಿ’. ಇಂಗ್ಲಿಷಿನವನು ತಾನೇ ಚಳಿಯಾಗುತ್ತಾನೆ. ನಮ್ಮಿಬ್ಬರಿಗೆ ಚಳಿ ಹೊರಗಿನಿಂದ ಬಂದು ತಗಲುತ್ತದೆ, ಅದಕ್ಕೇ ಚತುರ್ಥಿ. ಆದರೆ ಭೂತಕಾಲಕ್ಕೆ ಹೋದಾಗ ಇಬ್ಬರಿಗೂ ಕ್ರಿಯಾಪದ ಬೇಕಾಗುತ್ತದೆ: ‘ಹಾಯೀತಿ ತಲ್ಮಿದ್’, ವಿದ್ಯಾರ್ಥಿಯಾಗಿದ್ದೆ. ‘ಇದ್ದೆ’ಯಲ್ಲಿ ‘ನಾನು’ ಅಡಗಿರುವಂತೆ ‘ಹಾಯೀತಿ’ಯಲ್ಲೂ ‘ಅನಿ’ ಅಡಗಿದೆ.

ದ್ವಿತೀಯಾ ವಿಭಕ್ತಿಯಲ್ಲಂತೂ ನನಗೆ ರೋಮಾಂಚನವಾಯಿತು. ‘ಕರಾತಿ ಸೇಫರ್’ ಎಂದರೆ ಪುಸ್ತಕ ಓದಿದೆ, ಯಾವುದೋ ಒಂದು. ‘ಕರಾತಿ ಎತ್ ಹಸೇಫರ್’ ಎಂದರೆ ಪುಸ್ತಕವನ್ನು ಓದಿದೆ, ಗೊತ್ತಿರುವ ಆ ಪುಸ್ತಕವನ್ನು. ನಾವು ‘ಅನ್ನು’ ಬಿಡುವ, ಹಚ್ಚುವ ಮರ್ಮವೂ ಬಹುಮಟ್ಟಿಗೆ ಇದೇ. ಶಾಲೆಯಲ್ಲಿ ‘ಅನ್ನು’ ಕರ್ಮದ ಗುರುತೆಂದು ಉರು ಹೊಡೆಸುತ್ತಾರೆ. ಅದು ಯಾವಾಗ ಬೇಕು, ಯಾವಾಗ ಬೇಡ ಎಂಬುದನ್ನು ಹೇಳಿಕೊಡುವವರು ಕಡಿಮೆ.

ಬೇರೆಯಾಗುವ ಕಡೆಗಳೂ ಇವೆ. ‘ಒಳ್ಳೆಯ ಅಡಿಕೆ’ ಎಂದರೆ ವಾಕ್ಯವಾಗಲಿಲ್ಲ, ‘ಅಡಿಕೆ ಒಳ್ಳೆಯದು’ ಎಂದರೆ ವಾಕ್ಯ. ಹೊಳಲ್ಕೆರೆಯ ಮಂಡಿಯಲ್ಲಿ ಯಾರೂ ಇದನ್ನು ತಪ್ಪುವುದಿಲ್ಲ. ನಾವು ಪದದ ಜಾಗ ಬದಲಿಸಿ ‘ದು’ ಹಚ್ಚುತ್ತೇವೆ. ಹೀಬ್ರೂವಿನಲ್ಲಿ ಜಾಗ ಬದಲಿಸಬೇಕಿಲ್ಲ. ‘ಹಸೇಫರ್ ಹತೋವ್’ ಎಂದರೆ ಆ ಒಳ್ಳೆಯ ಪುಸ್ತಕ, ‘ಹಸೇಫರ್ ತೋವ್’ ಎಂದರೆ ಆ ಪುಸ್ತಕ ಒಳ್ಳೆಯದು. ಒಂದು ‘ಹ’ ಬಿದ್ದುಹೋದರೆ ಸಾಕು, ವಾಕ್ಯ ಹುಟ್ಟುತ್ತದೆ. ಲಿಂಗದಲ್ಲೂ ಎಚ್ಚರ ಬೇಕು. ಅವರಲ್ಲಿ ನಪುಂಸಕವೇ ಇಲ್ಲ, ಪುಸ್ತಕ ಗಂಡು, ಭೂಮಿ ಹೆಣ್ಣು. ಹಳೆಯ ಹೀಬ್ರೂ ಗದ್ಯದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕರ್ತೃವಿಗಿಂತ ಮೊದಲೇ ಬರುತ್ತದೆ, ನಮ್ಮದು ಕೊನೆಯವರೆಗೆ ಕಾಯುತ್ತದೆ.

ಕ್ರಿಯಾಪದದ ಜಾಗದ ಬಗ್ಗೆ ಇನ್ನಷ್ಟು ಬರೆಯಬೇಕೆಂದಿದ್ದೆ. ಆದರೆ ಪತ್ರದ ಕೊನೆಯ ಸಾಲು ನನ್ನನ್ನು ಮೊಳಕಾಲ್ಮುರಿಗೆ ಎಳೆಯುತ್ತಿದೆ. “ಬಲದಿಂದ ಎಡಕ್ಕೆ ಓದುವುದು ನಮ್ಮ ಕಡೆಯವರಿಗೆ ಒಗ್ಗದ್ದು” ಎಂದು ಬರೆದಿದ್ದಾರೆ. ಹಾಗೆನ್ನಬೇಡಿ, ತಮ್ಮಾ. ಬಲದಿಂದ ಎಡಕ್ಕೆ ಬರೆದ ಒಂದು ಪದ ನಮ್ಮ ಚಿತ್ರದುರ್ಗ ಜಿಲ್ಲೆಯ ಬಂಡೆಯ ಮೇಲೇ ಇದೆ.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕ ಶಾಸನ ಕ್ರಿ.ಪೂ. 3ನೇ ಶತಮಾನದ್ದು. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ, ಎಡದಿಂದ ಬಲಕ್ಕೆ. ತುದಿಯಲ್ಲಿ ಬರೆದವನ ಹೆಸರಿದೆ: ಚಪಡ. ತಾನು ಲಿಪಿಕಾರ ಎನ್ನುವ ಆ ಒಂದು ಪದವನ್ನು ಮಾತ್ರ ಅವನು ಖರೋಷ್ಠಿಯಲ್ಲಿ ಬರೆದ. ಗಾಂಧಾರದ ಕಡೆ ಬಳಕೆಯಲ್ಲಿದ್ದ ಆ ಲಿಪಿ ಬಲದಿಂದ ಎಡಕ್ಕೆ ಸಾಗುತ್ತದೆ. ಅದರ ಮೂಲ ಅರಾಮಿಕ್ ಅಕ್ಷರಗಳು ಎಂಬುದು ವಿದ್ವಾಂಸರ ಮತ. ಇಂದಿನ ಚೌಕಾಕಾರದ ಹೀಬ್ರೂ ಅಕ್ಷರಗಳೂ ಅದೇ ಅರಾಮಿಕ್ ಬೇರಿನವು. ಅಂದರೆ ಹೊಳಲ್ಕೆರೆಯ ಈ ಹುಡುಗ ಬೆಂಗಳೂರಿನಲ್ಲಿ ತಿದ್ದುತ್ತಿರುವ ಅಕ್ಷರಗಳ ದಾಯಾದಿಗಳು ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನಿಂದ ನಮ್ಮ ಜಿಲ್ಲೆಯ ಬಂಡೆಯಲ್ಲಿವೆ.

ಚಪಡನ ಆ ವಾಕ್ಯವನ್ನು ಕನ್ನಡಕ್ಕೆ ತಂದರೆ ‘ಲಿಪಿಕಾರ ಚಪಡ ಬರೆದದ್ದು’ ಎಂದಾಗುತ್ತದೆ. ಪ್ರಾಕೃತದ ಆ ಸಾಲಿನಲ್ಲೂ ‘ಆಗಿದೆ’ ಎನ್ನುವ ಪದವಿಲ್ಲ. ರಜೆಗೆ ಊರಿಗೆ ಬಂದಾಗ ಬ್ರಹ್ಮಗಿರಿಗೆ ಹೋಗಿ ಬನ್ನಿ. ಬಂಡೆಯ ಎದುರು ನಿಂತು ಆ ಕೊನೆಯ ಪದವನ್ನು ಬಲದಿಂದ ಓದಿ. ಆಮೇಲೆ ‘ಅನಿ ತಲ್ಮಿದ್’ ಎನ್ನಿ.