ಶಾಸನವನ್ನು ಕೊನೆಯಿಂದ ಓದಿ

ಶಾಸನದ ಕಲ್ಲಿನ ಮುಂದೆ ಮೊದಲ ಸಲ ನಿಂತವರು ಸಾಮಾನ್ಯವಾಗಿ ರಾಜನ ಹೆಸರು ಹುಡುಕುತ್ತಾರೆ. ಬಿರುದಾವಳಿಯಲ್ಲಿ ಸಿಕ್ಕಿಕೊಂಡು, ಮೂರು ಸಾಲಿಗೇ ಸುಸ್ತಾಗಿ, ಒಂದು ಫೋಟೊ ತೆಗೆದುಕೊಂಡು ಹೊರಟುಬಿಡುತ್ತಾರೆ. ಹೊಸಬರಿಗೆ ನಾನು ಹೇಳುವುದು ಇಷ್ಟು: ಮೊದಲು ಕಲ್ಲಿನ ನೆತ್ತಿ ನೋಡಿ, ಆಮೇಲೆ ನೇರವಾಗಿ ಕೊನೆಯ ಸಾಲುಗಳಿಗೆ ಇಳಿಯಿರಿ. ಕೊಟ್ಟದ್ದು ಎಷ್ಟು ಕಾಲ ನಡೆಯಬೇಕು, ಅದನ್ನು ಯಾರು ನಡೆಸಿಕೊಂಡು ಬರಬೇಕು ಎಂಬ ಮಾತು ಅಲ್ಲಿದೆ. ದಾನಶಾಸನದ ಜೀವವೇ ಆ ಮಾತು.

ನೆತ್ತಿಯಲ್ಲಿ ಒಂದು ಪಕ್ಕ ಸೂರ್ಯ, ಇನ್ನೊಂದು ಪಕ್ಕ ಚಂದ್ರ. ಸೂರ್ಯ ದುಂಡಗಿನ ಬಿಲ್ಲೆ, ಚಂದ್ರ ಬಿದಿಗೆಯ ಗೆರೆ. ಶಿವಾಲಯದ ದಾನವಾದರೆ ನಡುವೆ ಲಿಂಗ, ಪಕ್ಕದಲ್ಲಿ ಕರುವಿಗೆ ಹಾಲೂಡಿಸುವ ಹಸು. ಬಸದಿಯದಾದರೆ ಮುಕ್ಕೊಡೆಯ ಕೆಳಗೆ ಕುಳಿತ ಜಿನ. ಸೂರ್ಯಚಂದ್ರರು ಈ ಪತ್ರಕ್ಕೆ ಸಾಕ್ಷಿಗಳು, ಅದರ ವಾಯಿದೆಯೂ ಅವರೇ. ಅಕ್ಷರ ಬಾರದ ಒಕ್ಕಲಿಗನೂ ಹೊಲದ ಬದುವಿನಲ್ಲಿ ನಿಂತು ದಾನ ಎಲ್ಲಿಯವರೆಗೆ ಎಂದು ತಿಳಿದುಕೊಳ್ಳಬಹುದಿತ್ತು. ವೀರಗಲ್ಲಿನ ಮೇಲಿನ ಅಂಕಣದಲ್ಲಿಯೂ ಈ ಜೋಡಿ ಕಾಣುತ್ತದೆ.

ಚಿತ್ರ ಹೇಳಿದ್ದನ್ನೇ ಬರಹ ಮತ್ತೆ ಹೇಳುತ್ತದೆ: ಆಚಂದ್ರಾರ್ಕ, ಚಂದ್ರಾರ್ಕಸ್ಥಾಯಿಯಾಗಿ, ಉತ್ಸಾಹ ಹೆಚ್ಚಾದ ಕಡೆ ಆಚಂದ್ರಾರ್ಕತಾರಾಂಬರಂ. ಚಂದ್ರ, ಸೂರ್ಯ, ನಕ್ಷತ್ರ, ಆಕಾಶ ಇರುವ ತನಕ. ಇಂಗ್ಲಿಷಿನ ಫಾರೆವರ್, ಎಟರ್ನಲ್, ಪರ್ಪೆಚುಯಲ್ ಎಂಬ ಮಾತುಗಳು ಕಾಲವನ್ನಷ್ಟೇ ಹೇಳುತ್ತವೆ. ನಮ್ಮ ಶಾಸನಕಾರ ತಲೆ ಎತ್ತಿ ನೋಡು ಎನ್ನುತ್ತಾನೆ. ಇದನ್ನು ಮನಸ್ಸಿನಲ್ಲಿ ಓದಬೇಡಿ, ಗಟ್ಟಿಯಾಗಿ ಓದಿ. ಅಳತೆ, ಎಲ್ಲೆ, ತೆರಿಗೆಗಳ ಒಣ ಗದ್ಯ ಇಲ್ಲಿಗೆ ಬಂದೊಡನೆ ಉಸಿರು ಎಳೆದುಕೊಳ್ಳುವುದು ಕಿವಿಗೇ ಗೊತ್ತಾಗುತ್ತದೆ.

ಅದರ ಬೆನ್ನಿಗೇ ಶಾಪ. ತಾನು ಕೊಟ್ಟದ್ದಾಗಲಿ ಪರರು ಕೊಟ್ಟದ್ದಾಗಲಿ, ಭೂಮಿ ಕಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂಬ ಶ್ಲೋಕವನ್ನು ನೂರಾರು ಕಲ್ಲುಗಳಲ್ಲಿ ಕಾಣುತ್ತೀರಿ. ಗಮನಿಸಿ, ಶಾಪಕ್ಕೆ ಲೆಕ್ಕವಿದೆ, ದಾನಕ್ಕಿಲ್ಲ. ಇನ್ನೊಂದು ಶ್ಲೋಕ ನನಗೆ ಇದಕ್ಕಿಂತ ದೊಡ್ಡದೆನಿಸುತ್ತದೆ: ಕೊಡುವುದಕ್ಕಿಂತ ಕಾಪಾಡುವುದು ಮೇಲು, ಕೊಟ್ಟವನಿಗೆ ಸ್ವರ್ಗ, ಕಾಪಾಡಿದವನಿಗೆ ಚ್ಯುತಿಯಿಲ್ಲದ ಪದವಿ. ಕಲ್ಲಿನಲ್ಲಿ ಕೊರೆಸಿದವರಿಗೂ ಕಲ್ಲೊಂದೇ ಸಾಲದೆಂದು ಗೊತ್ತಿತ್ತು. ಮುಂದೆ ಬರುವವರ ಕೈಹಿಡಿದು ಕೇಳಿಕೊಳ್ಳುವ ಬರವಣಿಗೆ ಇದು.

ಇದನ್ನು ಕಣ್ಣಾರೆ ನೋಡಬೇಕಾದರೆ ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯವರು ದೂರ ಹೋಗಬೇಕಿಲ್ಲ. ಅದೇ ತಾಲ್ಲೂಕಿನಲ್ಲಿ ಕಲ್ಯ ಎಂಬ ಊರಿದೆ. ಹಳೆಯ ಬರಹಗಳ ಕಲ್ಲೇಹ ಇದೇ. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟದಲ್ಲಿ (1905) ‘ಮಾಗಡಿ 18’ ಎಂದು ಹುಡುಕಿ. ಅದು 1368ರ ಬುಕ್ಕರಾಯನ ಶಾಸನ. ಇನ್ನೊಂದು ಪ್ರತಿ ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿದೆ.

ಸಂಗತಿ ಹೀಗೆ. ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾಯಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಕಡೆಯ ಜೈನರು ರಾಜನಿಗೆ ದೂರಿತ್ತರು. ಬುಕ್ಕರಾಯ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಇಟ್ಟ. ಎರಡು ದರ್ಶನಗಳಿಗೂ ಭೇದವಿಲ್ಲ, ಪಂಚಮಹಾವಾದ್ಯವೂ ಕಳಶವೂ ಜೈನರಿಗೆ ಹಿಂದಿನಂತೆಯೇ ಸಲ್ಲುತ್ತವೆ ಎಂದು ತೀರ್ಮಾನಿಸಿದ. ಚಂದ್ರಾರ್ಕಸ್ಥಾಯಿಯಾಗಿ ಎಂಬ ಮಾತು ಬರುವುದು ಇಲ್ಲಿ, ಅದೂ ವೈಷ್ಣವರ ಬಾಯಲ್ಲಿ: ಸೂರ್ಯಚಂದ್ರರಿರುವ ತನಕ ಜೈನ ದರ್ಶನವನ್ನು ತಾವೇ ರಕ್ಷಿಸಿಕೊಂಡು ಬರುವುದಾಗಿ ಅವರು ಒಪ್ಪಿಕೊಂಡರು.

ಒಪ್ಪಿಕೊಂಡರೆ ಸಾಕೆ? ಶಾಸನ ಮುಂದಿನ ಸಾಲುಗಳಲ್ಲಿ ಹಣದ ಮಾತಿಗೆ ಇಳಿಯುತ್ತದೆ. ಜೈನರು ವರ್ಷಕ್ಕೆ ಮನೆಗೆ ಒಂದು ಹಣ ಕೊಡಬೇಕು. ಆ ಹಣದಲ್ಲಿ ತಿರುಮಲೆಯ ತಾತಯ್ಯ ಬೆಳಗೊಳದ ದೇವರಿಗೆ ಇಪ್ಪತ್ತು ಜನ ಕಾವಲಿನವರನ್ನು ನೇಮಿಸಬೇಕು. ಮಿಕ್ಕದ್ದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಸೂರ್ಯಚಂದ್ರರ ಪಕ್ಕದಲ್ಲೇ ಸುಣ್ಣದ ಖರ್ಚು! ಈ ಶಾಸನದಲ್ಲಿ ನನಗೆ ಅತ್ಯಂತ ಪ್ರಿಯವಾದ ಜಾಗ ಇದು. ಕಟ್ಟಳೆ ಮುರಿದವನು ರಾಜದ್ರೋಹಿ, ಸಂಘ ಸಮುದಾಯಗಳಿಗೂ ದ್ರೋಹಿ. ತಪಸ್ವಿಯಾಗಲಿ ಊರ ಗೌಡನಾಗಲಿ ಕೆಡಿಸಿದರೆ ಗಂಗೆಯ ತಡಿಯಲ್ಲಿ ಕಪಿಲೆಯನ್ನು ಕೊಂದ ಪಾಪ.

ಭೂದಾನದ ಶಾಸನಗಳಲ್ಲಿ ಇನ್ನೊಂದು ಪಟ್ಟಿ ಬರುತ್ತದೆ, ಅಷ್ಟಭೋಗ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಹೂತಿಟ್ಟ ಹೊನ್ನಿನಿಂದ ಹಿಡಿದು ಮುಂದೆಂದೋ ಬರಬಹುದಾದ ಆದಾಯದವರೆಗೆ ಎಲ್ಲವೂ ಪಡೆದವನದು. ಇದರ ಜೊತೆಗೆ ಬರುವ ‘ಪುತ್ರ ಪೌತ್ರ ಪಾರಂಪರ್ಯವಾಗಿ’ ಎಂಬ ಒಕ್ಕಣೆ ಕ್ರಯಪತ್ರಗಳಿಗೂ ಇಳಿದು ಬಂದಿದೆ. ಮನೆಯ ಹಳೆಯ ಪತ್ರ ಬಿಚ್ಚಿ ನೋಡಿ.

ಕಾನೂನು ಈಗ ಅಷ್ಟು ಉದಾರವಾಗಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 14ನೆಯ ಕಲಂ ಆಸ್ತಿಯನ್ನು ತಲೆತಲಾಂತರಕ್ಕೂ ಕಟ್ಟಿಹಾಕದಂತೆ ತಡೆಯುತ್ತದೆ, ಧರ್ಮಕಾರ್ಯಕ್ಕೆ ಕೊಟ್ಟದ್ದಕ್ಕೆ 18ನೆಯ ಕಲಂ ವಿನಾಯಿತಿ ಕೊಡುತ್ತದೆ. ಮೈಸೂರಿನಲ್ಲಿ ಧಾರ್ಮಿಕ ಇನಾಮುಗಳ ರದ್ದತಿಗೆ 1955ರಲ್ಲಿ ಕಾಯ್ದೆ ಬಂತು. ಉಳುವವನ ದೃಷ್ಟಿಯಿಂದ ಅದು ಬೇಕೇ ಇತ್ತು ಎಂದು ನಂಬಿದವನು ನಾನು. ಆದರೂ ಆ ಸಾಲುಗಳ ಸೊಗಸು ನನಗೆ ಎಳ್ಳಷ್ಟೂ ಕಡಿಮೆಯಾಗಿಲ್ಲ.

ನೋಡುವ ಕ್ರಮದ ಬಗ್ಗೆ ಒಂದೆರಡು ಮಾತು. ನಡುಮಧ್ಯಾಹ್ನ ಹೋಗಬೇಡಿ, ನೆತ್ತಿಯ ಬಿಸಿಲಿನಲ್ಲಿ ಅಕ್ಷರ ಕಾಣುವುದಿಲ್ಲ. ಬೆಳಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಸವೆದ ಗೆರೆಗೂ ನೆರಳು ಹುಟ್ಟುತ್ತದೆ. ಮೋಡವಿದ್ದರೆ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಸೀಮೆಸುಣ್ಣ ತುಂಬುವುದು, ಎಣ್ಣೆ ಬಳಿಯುವುದು, ತಂತಿಬ್ರಷ್‌ನಿಂದ ತಿಕ್ಕುವುದು ಖಂಡಿತ ಬೇಡ. ಈ ಸೀಮೆಯ ಕ್ಲೋಸ್‌ಪೇಟೆ ಗ್ರಾನೈಟ್‌ಗೆ, ಅಂದರೆ ರಾಮನಗರದ ಹಳೆಯ ಹೆಸರು ಹೊತ್ತ ಸಾವನದುರ್ಗದ ಬಂಡೆಗೆ, ಸುಮಾರು 250 ಕೋಟಿ ವರ್ಷ ವಯಸ್ಸು. ಅದರ ಮೇಲೆ ಉಳಿ ಬಿಟ್ಟ ಗೆರೆ ಮಾತ್ರ ಕೂದಲೆಳೆಯಷ್ಟು ಆಳ.

ಬದುವಿನಲ್ಲೋ ಕೆರೆ ಏರಿಯ ಮೇಲೋ ಬರಹದ ಕಲ್ಲು ಕಂಡರೆ ಅಲುಗಿಸದೆ, ನಾಲ್ಕೂ ಮುಖದ ಫೋಟೊ ತೆಗೆದು, ಜಾಗ ಗುರುತಿಸಿ ಪುರಾತತ್ತ್ವ ಇಲಾಖೆಗೋ ಬೆಂಗಳೂರಿನ ಮಿಥಿಕ್ ಸೊಸೈಟಿಗೋ ತಿಳಿಸಿ. ಸೊಸೈಟಿಯವರು ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುತ್ತಿದ್ದಾರೆ. ಕಲ್ಯ ಮುಗಿಸಿದವರು ಮುಂದಿನ ರಜೆಯಲ್ಲಿ ಭಂಡಾರಿ ಬಸದಿಗೆ ಹೋಗಿ. ಅಲ್ಲಿನ ಪ್ರತಿಯಲ್ಲಿ ಬುಸುವಿಸೆಟ್ಟಿ ಎಂಬ ಕಲ್ಲೇಹದವನ ಹೆಸರು ಹುಡುಕಿ. ರಾಜನಿಗೆ ಬಿನ್ನಹ ಮಾಡಿ, ತಾತಯ್ಯನನ್ನು ಕರೆತಂದು, ಜೀರ್ಣೋದ್ಧಾರ ಮಾಡಿಸಿದವನು ಅವನು. ಎರಡೂ ಸಮಯದವರು, ಅಂದರೆ ಜೈನರೂ ವೈಷ್ಣವರೂ, ಕೂಡಿ ಅವನಿಗೆ ಸಂಘನಾಯಕನ ಪಟ್ಟ ಕಟ್ಟಿದರು.